ಧ್ರುವದ ಸುತ್ತ ಒಂದು ಗಂಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನಗಾಗ ಒಂಬತ್ತೋ ಹತ್ತೋ ವರ್ಷ. ನಾನು ಕಂಡದ್ದೂ ಆಮೇಲೆ ದೊಡ್ಡವರ ಬಾಯಲ್ಲಿ ಕೇಳಿದ್ದೂ ಎಲ್ಲಿ ಕಲೆತುಹೋದವೋ ಗೊತ್ತಿಲ್ಲ. ಆದರೆ ರೇಷ್ಮೆಗೂಡು ಬೇಯುವ ಕಮಟು ವಾಸನೆ ಮೂಗಿಗೆ ಬಡಿದರೆ ಸಾಕು, ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಮನೆಯ ತಾರಸಿ ಕಣ್ಣೆದುರು ಬರುತ್ತದೆ. ಕೆಳಗೆ ಹಿತ್ತಲಲ್ಲಿ ನೂಲು ತೆಗೆಯುವ ಒಲೆಗಳು ಆರುತ್ತಿದ್ದವು. ಮೇಲೆ, ಹಗಲಿನ ಬಿಸಿ ಇನ್ನೂ ಉಳಿದ ಗಾರೆಯ ಮೇಲೆ, ಚಿಕ್ಕಪ್ಪ ಮೂರುಕಾಲಿನ ಸ್ಟ್ಯಾಂಡ್ ಊರಿ ಕ್ಯಾಮೆರಾ ಕೂರಿಸುತ್ತಿದ್ದರು.

ಅವರು ಮದುವೆ ಫೋಟೋ ತೆಗೆಯುವವರು. ರೀಲು ಮಿಕ್ಕರೆ ಆಕಾಶಕ್ಕೆ. ಬೇಸಿಗೆಯ ಸಂಜೆ ಕರೆಂಟ್ ಹೋಗಿ ಊರೆಲ್ಲ ಬೈಯುವಾಗ ಅವರೊಬ್ಬರು ಖುಷಿಯಾಗಿ ಮೆಟ್ಟಿಲು ಹತ್ತುತ್ತಿದ್ದರು. ನನ್ನ ಬೆರಳು ಹಿಡಿದು ಸಪ್ತರ್ಷಿಗಳ ಮುಂದಿನ ಎರಡು ನಕ್ಷತ್ರ ತೋರಿಸಿ, ಅದೇ ಗೆರೆಯಲ್ಲಿ ಕೆಳಗಿಳಿಸಿ, ಹುಣಸೆಮರದ ಮೇಲೆ ಮಂಕಾಗಿ ನಿಂತ ಧ್ರುವಕ್ಕೆ ಮುಟ್ಟಿಸುತ್ತಿದ್ದರು. ಕ್ಯಾಮೆರಾದ ಕಣ್ಣು ಒಂದು ಗಂಟೆ ತೆರೆದೇ ಇದ್ದರೆ ಉಳಿದವೆಲ್ಲ ಅದರ ಸುತ್ತ ಗೆರೆ ಎಳೆಯುತ್ತವೆ ಎನ್ನುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಬೆಳಕು ಮಾಡದಂತೆ ಕಾಯುವುದು ನನ್ನ ಕೆಲಸ. ಅಜ್ಜಿಗೆ ನಗು. "ಹೆಣ್ಣುಗಂಡಿನ ಫೋಟೋ ತೆಗಿಯೋದ್ ಬಿಟ್ಟು ಚುಕ್ಕಿ ಹಿಂದೆ ಬಿದ್ದವ್ನೆ. ಅವೇನು ಹಲ್ಲು ಕಿರೀತವಾ ನಿಂಗೆ?"

ಯುಗಾದಿಯ ಹಿಂದಿನ ಅಮಾವಾಸ್ಯೆ. ಹಿತ್ತಲಿಗೆ ಹೊರಟ ಅಜ್ಜಿಯ ಕೈಯಲ್ಲಿ ಬ್ಯಾಟರಿ ಉರಿಯುತ್ತಿತ್ತು. ತಾರಸಿಯಿಂದ ಬಗ್ಗಿ ಕೂಗಿದವಳು ನಾನೇ, ಅದರಲ್ಲಿ ಅನುಮಾನವಿಲ್ಲ: "ಅಜ್ಜಿ, ಬ್ಯಾಟರಿ ಹಾಕ್ಬೇಡ, ಫೋಟೋ ಕೆಟ್ಟೋಗುತ್ತೆ." ಅವಳು ಆರಿಸಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ಏನೋ ಧೊಪ್ಪೆಂದಿತು. "ಬೆಕ್ಕು ಕಣೇ, ಅಲ್ಲಾಡ್ಬೇಡ" ಎಂದು ಚಿಕ್ಕಪ್ಪ ಅಂದರೆಂದು ನನ್ನ ನೆನಪು. ಆಮೇಲೆ ಎಷ್ಟು ಹೊತ್ತು ಕೂತಿದ್ದೆವೋ ಹೇಳಲಾರೆ. ಅಜ್ಜಿ ಸಿಕ್ಕಿದ್ದು ಹಿತ್ತಲ ಕಲ್ಲುಮೆಟ್ಟಿಲ ಬುಡದಲ್ಲಿ. ತಲೆಯ ಕೆಳಗಿನ ಕಲ್ಲು ಒದ್ದೆಯಾಗಿತ್ತು. ಬೆಳಗಾಗುವುದರೊಳಗೆ ಹೋದಳು. ಇನ್ನೊಂದಿಷ್ಟು ಬೇಗ ಕರೆತಂದಿದ್ದರೆ ಎಂದು ಡಾಕ್ಟರು ಅಂದರಂತೆ. ಸದ್ದು ಕೇಳಿದ ಕೂಡಲೇ ಓಡಿದೆ, ಫೋಟೋ ಅರ್ಧಕ್ಕೇ ಹಾಳಾಯಿತು ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿದರು. ಮತ್ತೆಂದೂ ಆಕಾಶದ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಅವರ ಮಾತನ್ನೇ ನಾನೂ ನಂಬಿ ಬೆಳೆದೆ.

ಆ ಮನೆ ಈಗಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದ ಕಡೆಯ ಬೆಳಕಿನಲ್ಲಿ ಆಕಾಶ ಬೆಳ್ಳಗಾಗಿ ಅಲ್ಲಿಂದ ಧ್ರುವವೂ ಕಾಣುವುದಿಲ್ಲ. ಮನೆ ಕೆಡವುವ ಮುಂಚೆ ಸಾಮಾನು ತೆಗೆಯುವಾಗ ಚಿಕ್ಕಪ್ಪನ ಹಳೆಯ ಟ್ರಂಕಿನ ತಳದಲ್ಲಿ ಒಂದು ಫೋಟೋ ಸಿಕ್ಕಿತು. ಹುಣಸೆಮರದ ಮೇಲೆ ಸಣ್ಣ ಸಣ್ಣ ಬಿಲ್ಲುಗಳ ಹಾಗೆ ಬಾಗಿದ ಬಿಳಿ ಗೆರೆಗಳು. ಎಲ್ಲೂ ಒಂದು ಕಲೆಯಿಲ್ಲ. ಹಿಂದೆ ಅವರದೇ ಅಕ್ಷರ: ಯುಗಾದಿ ಅಮಾವಾಸ್ಯೆ, ಪೂರ್ತಿ ಒಂದು ಗಂಟೆ.

ಅಜ್ಜಿ ಬಿದ್ದದ್ದು ಆ ಗಂಟೆಯ ಮೊದಲಲ್ಲೋ ಕೊನೆಯಲ್ಲೋ ಫೋಟೋ ಹೇಳುವುದಿಲ್ಲ. ಮೊದಲಲ್ಲೇ ಎಂದು ನನಗನಿಸುತ್ತದೆ. ಅನಿಸಿದ್ದನ್ನು ನಂಬಲು ಹೆದರಿಕೆ. ನಂಬಿದರೆ, ಅವರ ಪಕ್ಕದಲ್ಲಿ ಅಲ್ಲಾಡದೆ ಕೂತಿದ್ದವಳು ನಾನೂ ಹೌದು.

ಹೋದ ತಿಂಗಳು, ಚಿಕ್ಕಪ್ಪ ಈಗಿರುವ ಹೊಸಕೋಟೆಗೆ ಹೋಗಿ ಫೋಟೋವನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಹಿಂಬದಿ ತಿರುಗಿಸಲಿಲ್ಲ. ಕೇಳಬಾರದೆಂದುಕೊಂಡೇ ಕೇಳಿದೆ:

"ಚಿಕ್ಕಪ್ಪ, ಅವತ್ತು ಅಜ್ಜಿ ಬಿದ್ದ ಸದ್ದು ನಿಮ್ಗೆ ಕೇಳಿಸಿದ್ದು ಯಾವಾಗ?"