ಮೊಳೆಗೆ ತೂಗಿದ ಚಕ್ರ

ನಮ್ಮೂರು ಗುತ್ತಲಿನ ಸೈಕಲ್ ರಿಪೇರಿಯವನು ಯಾವ ಸೈಕಲ್ ಬಂದರೂ ಮೊದಲು ಚಕ್ರ ತಿರುಗಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಯಾರಾದರೂ ಅವಸರ ಮಾಡಿದರೆ, "ತಡೀರಿ, ಚಕ್ರನೇ ಹೇಳ್ತದೆ" ಎನ್ನುತ್ತಿದ್ದ.

ಬೆಳಿಗ್ಗೆ ಐದೂವರೆಗೆ ಸೈಕಲ್ ತುಳಿಯುವುದು ನನ್ನ ನಿಯಮ. ಒಂದು ದಿನ ಕಾರೊಂದು ಹಿಂದಿನಿಂದ ಗುದ್ದಿ ನನ್ನ ಕಾಲು ಮುರಿಯಿತು. ಪೊಲೀಸರು ಸೈಕಲ್ ಬಿಟ್ಟುಕೊಟ್ಟೊಡನೆ ರಿಪೇರಿಯವನಿಗೆ ಕಳಿಸಿ, ವಾರದೊಳಗೆ ಸರಿಮಾಡಲು ಹೇಳಿದೆ. ಅವನು ಮನೆಗೇ ಬಂದ.

"ಮೇಷ್ಟ್ರೇ, ಪರಿಹಾರದ ಕೇಸು ಮುಗಿಯೋಗಂಟ ನಾನು ಮುಟ್ಟಾಕಿಲ್ಲ."

"ನನ್ನ ಸೈಕಲ್ ಕಣಯ್ಯಾ!"

"ಕಾಲು ಪ್ಲಾಸ್ಟರಲ್ಲೈತೆ, ಬಂದು ತುಳೀತೀರಾ? ತಡೀರಿ, ಚಕ್ರನೇ ಹೇಳ್ತದೆ."

ಅಂಗಡಿಗೆ ಮರಳಿ, ಸೊಟ್ಟಗಾದ ಚಕ್ರವನ್ನು ಬಿಚ್ಚಿ ಅಲ್ಲಿನ ಮೊಳೆಗೆ ತೂಗುಹಾಕಿದ.

ನನ್ನ ಕಾಲು ವಾಸಿಯಾಗುವ ಹೊತ್ತಿಗೆ ಕೇಸು ವಿಚಾರಣೆಗೆ ಬಂತು. ಕೋರ್ಟಿನಲ್ಲಿ ಕಾರಿನ ವಿಮೆ ಕಂಪನಿಯ ವಕೀಲರು, ನಾನೇ ಕಾರಿಗೆ ಎದುರಾಗಿ ನುಗ್ಗಿದೆ ಎಂದರು. ಪರಿಹಾರ ಕೈತಪ್ಪುವಂತಿತ್ತು. ಸಾಕ್ಷಿಗೆ ಬಂದ ರಿಪೇರಿಯವನು ಆ ಸೊಟ್ಟ ಚಕ್ರ ಎತ್ತಿ ತೋರಿಸಿದ.

"ಎದುರಿಂದ ಗುದ್ದಿದ್ರೆ ಮುಂದಿನ ಚಕ್ರ ಸೊಟ್ಟಾಗ್ಬೇಕು ಸ್ವಾಮಿ. ಇದು ಹಿಂದಿನ್ದು. ನೋಡಿ, ಚೈನ್ ಕೂರೋ ಫ್ರೀವೀಲು ಇದ್ರಲ್ಲೇ ಐತೆ."

ಪರಿಹಾರ ಮಂಜೂರಾಯಿತು. ಆ ಸಂಜೆ ಅಂಗಡಿಗೆ ಹೋದರೆ, ಅದೇ ಚಕ್ರಕ್ಕೆ ಹೊಸ ಕಡ್ಡಿ ಹಾಕುತ್ತಿದ್ದ. ಕೃತಜ್ಞತೆ ಹೇಳಲು ಬಾಯಿ ತೆರೆದೆ.

"ಸುಮ್ನಿರಿ ಮೇಷ್ಟ್ರೇ, ಕೇಳುಸ್ತಾ ಇಲ್ಲ" ಎಂದು ಚಕ್ರ ತಿರುಗಿಸಿ ಕಣ್ಣು ಮುಚ್ಚಿದ. ಆಮೇಲೆ ಕಣ್ಣು ತೆರೆದು, "ಬೆಳಿಗ್ಗೆ ಐದೂವರೆಗೆ ಹೊಂಟ್ಬುಡಿ" ಎಂದ.