ಕಪ್ಪು-ಬಿಳುಪಿನ ಕೇಪಳ

ನಿನ್ನೆ ಸಂಜೆ ಹೆಂಡತಿ ಉಡುಪಿ ಪೇಟೆಯಿಂದ ಒಂದು ಚೆಂಡು ಶಂಕರಪುರ ಮಲ್ಲಿಗೆ ತಂದು, ಸುತ್ತಿದ ಬಾಳೆಎಲೆ ಬಿಚ್ಚದೆ ಹಾಗೇ ಫ್ರಿಜ್ಜಿನಲ್ಲಿಟ್ಟಿದ್ದಳು. ಬೆಳಿಗ್ಗೆ ಹಾಲು ತೆಗೆಯಲು ಬಾಗಿಲು ತೆರೆದರೆ, ಆಹಾ, ನಿನ್ನೆಯ ಸಾಂಬಾರಿಗೂ ಮಲ್ಲಿಗೆಯದೇ ಘಮ! ಮಲ್ಲಿಗೆಯೆಂದರೆ ನನಗೆ ಮೊದಲಿನಿಂದಲೂ ಒಂದು ಧೈರ್ಯ. ಬಿಳಿ ಹೂವು ನೋಡಿ, ಅದರ ಮುಂದೆ ನಾನು ಮೋಸ ಹೋಗುವುದಿಲ್ಲ. ಯಾಕೆಂದು ಹೇಳುತ್ತೇನೆ, ನಗಬೇಡಿ. ನಕ್ಕರೂ ಅಡ್ಡಿಯಿಲ್ಲ.

ನನಗೆ ಹೂವಿನ ಫೋಟೋ ತೆಗೆಯುವ ಹುಚ್ಚು. ಅದೂ ಕಪ್ಪು-ಬಿಳುಪಿನಲ್ಲಿ ಮಾತ್ರ. ಮಣಿಪಾಲದಲ್ಲಿ ಒಮ್ಮೆ ನನ್ನ ಚಿತ್ರಗಳ ಪ್ರದರ್ಶನವಿಟ್ಟಾಗ "ಸರ್, ದಾಸವಾಳಕ್ಕೂ ಬಣ್ಣ ಬೇಡ್ವಾ?" ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ನಾನು ಗಡ್ಡ ನೀವಿಕೊಂಡು, "ನೋಡಮ್ಮಾ, ಬಣ್ಣ ಬರೀ ಕಣ್ಣಿಗೆ. ಹೂವಿನ ಆತ್ಮ ಇರುವುದು ನೆರಳು-ಬೆಳಕಿನಲ್ಲಿ" ಎಂದೆ. ಆ ಹುಡುಗಿ ಅದನ್ನು ಶ್ರದ್ಧೆಯಿಂದ ಮೊಬೈಲಿನಲ್ಲಿ ಬರೆದುಕೊಂಡಳು. ಅಯ್ಯೋ ದೇವರೇ! ಆ ಮಾತು ನೆನಪಾದರೆ ಒಬ್ಬನೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ.

ಸತ್ಯ ಇಷ್ಟೇ. ನನಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅದು ನನಗೇ ಗೊತ್ತಾದದ್ದು ಕಾಪುವಿನಲ್ಲಿ, ಅಕ್ಕ ಮದುವೆಯಾಗಿ ಹೋದ ಹೊಸತರಲ್ಲಿ. ಅವಳ ಮನೆಯಲ್ಲಿ ಪೂಜೆ. ಅಕ್ಕ ಬುಟ್ಟಿ ಕೊಟ್ಟು, "ಬಾವಿಕಟ್ಟೆ ಹತ್ತಿರ ಕೇಪಳ ಉಂಟು, ನಾಲ್ಕು ಗೊಂಚಲು ಕೊಯ್ದುಕೊಂಡು ಬಾ" ಎಂದಳು. ಹೋದೆ, ಗಿಡಕ್ಕೆ ಒಂದು ಸುತ್ತು ಬಂದೆ, ಖಾಲಿ ಬುಟ್ಟಿ ಹಿಡಿದು ವಾಪಸಾದೆ. "ಗಿಡದಲ್ಲಿ ಹೂವೇ ಇಲ್ಲ ಅಕ್ಕ."

ಅಕ್ಕ ಕಿಟಕಿಯಿಂದ ಇಣುಕಿದಳು. "ಎಂತ ಮಾರಾಯ, ಗಿಡ ತುಂಬ ಕೆಂಪಗೆ ಬಿಟ್ಟಿದೆ! ಶುದ್ಧ ಸೋಮಾರಿ!" ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಸೋಮಾರಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಕಂಡಿತು. ಮತ್ತೆ ಹೋಗಿ, ಕೈಯಿಂದ ತಡವಿ ತಡವಿ ಹೂ ಕೊಯ್ದು ತಂದೆ.

ಆಮೇಲೆ ಎಷ್ಟೋ ವರ್ಷಕ್ಕೆ ಕ್ಯಾಮೆರಾ ಬಂತು. ಮೊದಮೊದಲು ಬಣ್ಣದಲ್ಲೇ ತೆಗೆದು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದೆ. ಕಾರ್ಕಳದ ಗೆಳೆಯನೊಬ್ಬ ನೋಡಿ, "ಫೋಟೋ ಒಳ್ಳೆದುಂಟು. ಆದರೆ ಎಲೆಗೆ ಎಂತ ರೋಗ ಅದು?" ಎಂದ. ಮರುದಿನವೇ ನಾನು ಕಪ್ಪು-ಬಿಳುಪಿನ ಕಲಾವಿದನಾದೆ! ಜನ ಹೊಗಳಿದರು, ಹೊಗಳಿಕೆ ಅಭ್ಯಾಸವಾಯಿತು. ಹೆಂಡತಿಗೂ ಬಾಯಿ ಬಿಡಲಿಲ್ಲ. ಟೊಮೆಟೊ ಆರಿಸಲೂ ಮೈಗಳ್ಳತನ ಮಾಡುವ ಗಂಡ ಎಂದೇ ಅವಳು ತಿಳಿದಿದ್ದಾಳೆ.

ಅಕ್ಕನಿಗೆ ಒಬ್ಬನೇ ಮಗ, ಪ್ರಜ್ವಲ್. ಹಡಗಿನಲ್ಲಿ ಕೆಲಸಕ್ಕೆ ಸೇರಬೇಕೆಂದು ಚಿಕ್ಕಂದಿನಿಂದ ಆಸೆ. ಅದಕ್ಕೆಂದೇ ಓದಿದ, ಅದಕ್ಕೆಂದೇ ಈಜು ಕಲಿತ. ಕಳೆದ ತಿಂಗಳು ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ. ಕೆಂಪು ದೀಪ ಯಾವುದು, ಹಸಿರು ಯಾವುದು, ಹೇಳಲಾಗಲಿಲ್ಲ. ಇನ್ನೊಮ್ಮೆ ತೋರಿಸುವ ಎಂದು ಅಕ್ಕ ಅಂದಳು. ಮೂವರೂ ಉಡುಪಿಯಲ್ಲಿ ಒಬ್ಬ ಕಣ್ಣಿನ ಡಾಕ್ಟರ ಬಳಿ ಹೋದೆವು. "ಇದು ಹುಟ್ಟಿನಿಂದ ಇರುವುದು, ಮದ್ದಿಲ್ಲ. ತಾಯಿಯ ಕಡೆಯಿಂದ ಬರ್ತದೆ. ನಿಮ್ಮ ಅಣ್ಣ ತಮ್ಮಂದಿರಿಗೆ ಉಂಟಾ?" ಎಂದರು ಅವರು.

"ನಮ್ಮಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ. ನನ್ನ ತಮ್ಮ ಅಂತೂ ದೊಡ್ಡ ಫೋಟೋಗ್ರಾಫರ್." ಅಕ್ಕ ನನ್ನ ಕಡೆ ತಿರುಗಿದಳು. "ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

ಹಿಂದೆ ನಮ್ಮಲ್ಲಿ ಸೋದರಮಾವನ ಆಸ್ತಿ ಅಳಿಯನಿಗೆ ಹೋಗುತ್ತಿತ್ತು. ನನ್ನಿಂದ ಆ ಹುಡುಗನಿಗೆ ಹೋಗಬಹುದಾಗಿದ್ದದ್ದು ಈ ಕಣ್ಣೊಂದೇ, ಅದನ್ನೂ ನನ್ನದಲ್ಲ ಎಂದುಬಿಟ್ಟೆ. ಎಂಥ ಮನುಷ್ಯ ನಾನು! ಅಂದಿನಿಂದ ಅವನು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲವೆಂದು ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ನಾನು "ಸರಿಯಾಗ್ತದೆ ಬಿಡು" ಅನ್ನುತ್ತಿದ್ದೆ.

ಇವತ್ತು ಯಾಕೋ ತಡೆಯಲಾಗಲಿಲ್ಲ. ಚಹಾ ಕೂಡ ಕುಡಿಯದೆ ಸ್ಕೂಟರ್ ಹತ್ತಿ ಕಾಪುವಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಬಂಗುಡೆ ಮೀನು ತೊಳೆಯುತ್ತಿದ್ದಳು. ನಿಂತಲ್ಲೇ ಹೇಳಿಬಿಟ್ಟೆ. "ಅಕ್ಕ, ನನಗೂ ಕೆಂಪು ಹಸಿರು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ."

ಅವಳ ಕೈ ನಿಂತಿತು. "ಮತ್ತೆ ಡಾಕ್ಟ್ರ ಎದುರು ತಲೆಯಾಡಿಸಿದ್ದು?"

"ನಾಚಿಕೆ ಆಯ್ತು."

"ನಿನ್ನ ನಾಚಿಕೆಗಿಷ್ಟು ಬೆಂಕಿ ಹಾಕ! ಇವನು ಸಣ್ಣವನಿರುವಾಗಲೇ ಹೇಳಿದ್ದರೆ ಬೇರೆ ಎಂತದಾದರೂ ಆಸೆ ಪಡುತ್ತಿದ್ದ ಅಲ್ವಾ?" ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅಕ್ಕ ಬೈದಳು, ಚೆನ್ನಾಗಿಯೇ ಬೈದಳು. ನಾನು ನೆಲ ನೋಡುತ್ತಾ ನಿಂತಿದ್ದೆ. ಬೈಸಿಕೊಳ್ಳುವುದು ಹಗುರವೆನಿಸಿತು, ನಿಜ ಹೇಳುತ್ತೇನೆ.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಪ್ರಜ್ವಲ್. ಗಡ್ಡ ಬೆಳೆದು ಮುಖ ಸೊರಗಿ ಹೋಗಿತ್ತು.

"ಮಾಮ, ನಿಮಗೂ ಕಾಣುದಿಲ್ವಾ?"

"ಇಲ್ಲ ಮಗಾ."

ಅವನು ಬೈಯಬಹುದಿತ್ತು. ಬೈಯಲಿಲ್ಲ. ಮುಖ ಅರಳಿಬಿಟ್ಟಿತು ಅವನದ್ದು! ಕುರ್ಚಿ ಎಳೆದು ನನ್ನ ಪಕ್ಕಕ್ಕೇ ಹಾಕಿಕೊಂಡು, "ನಾನೊಬ್ಬನೇ ಹೀಗೆ ಅಂತ ಗ್ರಹಿಸಿದ್ದೆ ಮಾಮ" ಎಂದು ನಗತೊಡಗಿದ.

ಈಗ ಮನೆಗೆ ಬಂದು ಕೂತಿದ್ದೇನೆ. ಅಕ್ಕನ ಬೈಗುಳ ಆಗಲೇ ಅರ್ಧ ಮರೆತುಹೋಗಿದೆ. ಇಷ್ಟು ಸಣ್ಣ ಮಾತಿಗೆ ಆ ಹುಡುಗ ಅಷ್ಟು ಖುಷಿಪಟ್ಟನಲ್ಲ, ಅದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿಲ್ಲ.