ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲು

ಬೆಳಗಿನ ಆರೂ ಕಾಲು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಕಿಟಕಿಗಳನ್ನೆಲ್ಲ ತೆರೆದಿಟ್ಟು ಅಟೆಂಡರಮ್ಮ ಹಜಾರಕ್ಕೆ ಬಂದು ಮೇನ್ ಸ್ವಿಚ್ ಆರಿಸುತ್ತಾರೆ. ಮತ್ತೆ ಒಳಗೆ ಹೋಗಿ, ಮೂಲೆಯ ಹಳೇ ಫ್ರಿಜ್ಜಿನ ಮುಂದೆ ಬಗ್ಗಿ, ಬಾಗಿಲಿನ ರಬ್ಬರ್ ಅಂಚನ್ನು ಮೇಲಿಂದ ಕೆಳಗಿನವರೆಗೆ ಮೂಸುತ್ತಾರೆ. ಯಾವ ವಾಸನೆಯೂ ಇಲ್ಲ ಅನ್ನಿಸಿದ ಮೇಲೆಯೇ ಬಾಗಿಲು ತೆಗೆಯುವುದು.

ವಿದ್ಯಾರ್ಥಿಗಳು ಇಟ್ಟ ಹೆಸರು ‘ಮೂಸೋ ಅಕ್ಕ’. ಮನೆಯಲ್ಲಿ ಅತ್ತೆಯೂ ಬಿಡುವುದಿಲ್ಲ. “ಹಾಲು ತೆಗೆಯೋಕೆ ಹೋದ್ರೂ ಮೊದಲು ಫ್ರಿಜ್ ಮೂಸ್ತಾಳೆ ನಮ್ಮ ಸೊಸೆ. ಒಳಗೆ ಹುಲಿ ಕೂತಿದೆ ಅಂದ್ಕೊಂಡಿದಾಳೆ.”

“ನಗ್ಲಿ ಬಿಡಿ,” ಎನ್ನುತ್ತಾರೆ ಅಟೆಂಡರಮ್ಮ. “ನಗೋರಿಗೆ ಎರಡು ಕಿವೀನೂ ಕೇಳ್ಸುತ್ತೆ.”

ಅವರಿಗೆ ಎಡಗಿವಿ ಕೇಳಿಸುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಮೇಷ್ಟ್ರೊಬ್ಬರು ಈಥರ್ ಬಾಟಲಿಗೆ ಬಿರಡೆಯನ್ನು ಸಡಿಲವಾಗಿ ಸಿಕ್ಕಿಸಿ, ಪ್ರಯೋಗಾಲಯದ ಫ್ರಿಜ್ಜಿನಲ್ಲಿಟ್ಟು ಮನೆಗೆ ಹೋದರು. ಅದು ನಿಮ್ಮ ನಮ್ಮ ಅಡುಗೆಮನೆಯಲ್ಲಿರುವಂಥದೇ ಫ್ರಿಜ್ಜು. ಅದರ ಒಳಗೇ ದೀಪದ ಸ್ವಿಚ್ಚು, ಒಳಗೇ ತಂಪನ್ನು ಹದದಲ್ಲಿಡುವ ಥರ್ಮೋಸ್ಟಾಟು. ಎರಡೂ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರಿಸುತ್ತವೆ. ಹಾಲಿಗೆ, ತರಕಾರಿಗೆ ಆ ಕಿಡಿ ಲೆಕ್ಕಕ್ಕಿಲ್ಲ. ಈಥರ್ ಹಾಗಲ್ಲ, ತಂಪಿನಲ್ಲೂ ಆವಿಯಾಗಿ ಪೆಟ್ಟಿಗೆಯ ತುಂಬ ಕೂರುತ್ತದೆ, ಒಂದು ಕಿಡಿ ಸಾಕು. ಬೆಳಿಗ್ಗೆ ಇವರು ಬಾಗಿಲು ಎಳೆದರು, ಒಳಗಿನ ದೀಪ ಹೊತ್ತುವ ಕ್ಷಣದಲ್ಲೇ ಫ್ರಿಜ್ಜು ಸಿಡಿಯಿತು. ಬಾಗಿಲು ಕಿತ್ತುಹೋಗಿ ಎದುರುಗೋಡೆಗೆ ಬಡಿಯಿತು.

ವಿಚಾರಣಾ ಸಮಿತಿಯವರು ನಾಲ್ಕು ಸಲ ಸೇರಿ, ನಾಲ್ಕು ಸಲ ಕಾಫಿ ಕುಡಿದು, ಕೊನೆಗೆ ಬರೆದದ್ದು ಇಷ್ಟು: ‘ಅಟೆಂಡರ್ ಅಜಾಗರೂಕತೆ’. ಓದಿಕೊಂಡವರೆಲ್ಲ ಸೇರಿ ಏಳನೇ ಕ್ಲಾಸು ಕಲಿತ ಹೆಂಗಸಿನ ತಲೆ ಮೇಲೆ ಗೂಬೆ ಕೂರಿಸಿ ಕೈತೊಳೆದುಕೊಂಡರು. ಬಾಟಲಿ ಇಟ್ಟ ಮೇಷ್ಟ್ರಿಗೆ ಮರುವರ್ಷವೇ ಬಡ್ತಿ. ಬರೆಯುವಾಗಲೂ ಮೈ ಉರಿಯುತ್ತದೆ.

ಮೂರು ಪ್ರಯೋಗಾಲಯಗಳಲ್ಲಿ ಅವರು ದಿನಾ ನೋಡಿಕೊಳ್ಳುವುದು ಹನ್ನೊಂದು ಅಡುಗೆಮನೆ ಸಾಮಾನು: ನಾಲ್ಕು ಫ್ರಿಜ್, ಮೂರು ಮೈಕ್ರೋವೇವ್, ಎರಡು ಮಿಕ್ಸಿ, ಎರಡು ಕೆಟಲ್. ಪ್ರಯೋಗಕ್ಕೆಂದು ಎಲೆ ಅರೆದ ಮಿಕ್ಸಿಯಲ್ಲಿ ಯಾರೋ ಜ್ಯೂಸ್ ಮಾಡಿಕೊಳ್ಳಲು ನೋಡುತ್ತಾರೆ. ಬಾಟಲಿಯ ಮುಚ್ಚಳ ಬಿಗಿದು ಮೈಕ್ರೋವೇವಿನಲ್ಲಿಟ್ಟು ಯಾರೋ ಫೋನು ಹಿಡಿದು ಹೊರಗೆ ಹೋಗುತ್ತಾರೆ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳ ಪಕ್ಕದಲ್ಲೇ ಊಟದ ಡಬ್ಬಿ ಇಡುವ ಮಹಾನುಭಾವರೂ ಇದ್ದಾರೆ. “ಡಬ್ಬಿ ಯಾವ್ದು, ಪ್ರಯೋಗ ಯಾವ್ದು ಅಂತ ನಾನು ಹೇಳ್ಬೇಕು. ಅವ್ರು ಡಾಕ್ಟರೇಟ್ ಮಾಡಿರೋರು,” ಎನ್ನುತ್ತಾರೆ. ತಮ್ಮ ಡಬ್ಬಿಯನ್ನು ಮೆಟ್ಟಿಲ ಮೇಲೆ ಕೂತು ಬಿಚ್ಚುತ್ತಾರೆ.

ಕಿಡಿ ಹಾರದಂಥ, ಪ್ರಯೋಗಾಲಯಕ್ಕೆಂದೇ ಮಾಡಿದ ಒಂದು ಫ್ರಿಜ್ ಕೊಡಿಸಿ ಎಂದು ಆರು ಸಲ ಅರ್ಜಿ ಬರೆದಿದ್ದಾರೆ. ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬದಲಿಗೆ ಹೋದ ತಿಂಗಳು, ನಿವೃತ್ತರಾದ ಪ್ರಾಧ್ಯಾಪಕರೊಬ್ಬರ ಮನೆಯ ಫ್ರಿಜ್ಜು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಉಡುಗೊರೆಯಾಗಿ ಬಂತು. ಚಪ್ಪಾಳೆ ತಟ್ಟಿದರು, ಫೋಟೊ ತೆಗೆಸಿಕೊಂಡರು. ಸಂಜೆ ಎಂದಿನಂತೆ ಹಜಾರದ ಸ್ವಿಚ್ ಆರಿಸಿ, ಅಂಚು ಮೂಸಿ, ಅದರೊಳಗೆ ಇಣುಕಿದರೆ ಎರಡು ಈಥರ್ ಬಾಟಲಿ. ಅಟೆಂಡರಮ್ಮ ಬಾಟಲಿಗಳನ್ನು ಹೊರಗಿನ ಕಬ್ಬಿಣದ ಬೀರುವಿಗೆ ಸಾಗಿಸಿ, ಕಟಿಂಗ್ ಪ್ಲೇಯರ್ ತಂದು ಫ್ರಿಜ್ಜಿನ ವೈರನ್ನೇ ಕತ್ತರಿಸಿ ಹಾಕಿದರು.

ಮರುದಿನ ನೋಟಿಸು ಬಂತು. ಸಂಸ್ಥೆಯ ಸ್ವತ್ತು ಹಾಳು ಮಾಡಿದ್ದಕ್ಕೆ ಕ್ಷಮಾಪಣೆ ಬರೆದುಕೊಡಬೇಕು, ಇಲ್ಲವಾದರೆ ಕೆಲಸದಿಂದ ವಜಾ. ಇಪ್ಪತ್ಮೂರು ವರ್ಷದ ಸೇವೆ, ನಿವೃತ್ತಿಗೆ ಇನ್ನೆರಡೇ ವರ್ಷ.

“ಒಂದು ಸಾಲು ತಾನೆ ಅಮ್ಮ, ಬರ್ದು ಕೊಟ್ಬಿಡು,” ಎಂದು ಮಗಳು ದಮ್ಮಯ್ಯ ಹಾಕುತ್ತಾಳೆ.

“ನಾನು ಬರ್ದುಕೊಟ್ರೆ ಆ ಫ್ರಿಜ್ ಓಡುತ್ತೆ ಕಣೆ. ಬೆಳಿಗ್ಗೆ ಬಾಗ್ಲು ತೆಗೆಯೋದು ಯಾರು? ನಾನೋ, ನನ್ನಂಥ ಇನ್ನೊಬ್ಳೋ.”

ಶುಕ್ರವಾರ ವಿಭಾಗದ ಮುಖ್ಯಸ್ಥರು ಕೋಣೆಗೆ ಕರೆಸುತ್ತಾರೆ. ಕ್ಷಮಾಪಣೆ ಪತ್ರವನ್ನು ಅವರೇ ಟೈಪು ಮಾಡಿಸಿಟ್ಟಿದ್ದಾರೆ. ಸಹಿ ಮಾತ್ರ ಬಾಕಿ. ಅಟೆಂಡರಮ್ಮ ಪೆನ್ನು ಮುಟ್ಟದೆ ನಿಂತೇ ಹೇಳುತ್ತಾರೆ: “ಸರ್, ಇವತ್ತೇ ವೈರ್ ಜೋಡ್ಸಿ. ಈಥರ್ ಒಳಗಿಟ್ಟು ಬಾಗ್ಲು ಹಾಕ್ಸಿ. ಬೆಳಿಗ್ಗೆ ನಾನು ಮುಟ್ಟಲ್ಲ, ನೀವೇ ಬಂದು ತೆಗೀರಿ. ಏನೂ ಆಗ್ಲಿಲ್ಲ ಅಂದ್ರೆ ಎಲ್ರ ಮುಂದೆ ನಿಮ್ಮ ಕಾಲು ಹಿಡೀತೀನಿ.”

ಮುಖ್ಯಸ್ಥರು ಅವರ ಮುಖ ನೋಡುವುದಿಲ್ಲ. ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡು, “ಆಮೇಲೆ ನೋಡೋಣ, ಹೋಗಿ,” ಎನ್ನುತ್ತಾರೆ.

ನೋಟಿಸನ್ನು ಹಿಂದಕ್ಕೆ ಪಡೆದಿಲ್ಲ. ಕೆಲಸ ಉಳಿಯುತ್ತದೋ ಹೋಗುತ್ತದೋ ಇನ್ನೂ ಗೊತ್ತಿಲ್ಲ. ಅಟೆಂಡರಮ್ಮನನ್ನು ಕೇಳಿದರೆ ಹೇಳುತ್ತಾರೆ: “ಹೋದ್ರೆ ಹೋಗ್ಲಿ. ಆ ಬಾಗ್ಲು ನಾನೇ ತೆಗೀತೀನಿ ಅಂತ ಅವ್ರ ಬಾಯಲ್ಲಿ ಬರ್ಲಿಲ್ಲ ನೋಡಿ. ಅಂದ್ರೆ ಅವ್ರಿಗೆ ಮೊದ್ಲಿಂದಾನೂ ಗೊತ್ತಿತ್ತು.”